ಉಸಿರು ಬಿಗಿಸುವ ಔಷಧ: ಹೆದರಲೂ ಬೇಡಿ, ಕೇಳದೆ ಸೇದಲೂ ಬೇಡಿ

ಔಷಧವೆಂದರೆ ರೋಗವನ್ನು ಇಳಿಸುವ ವಸ್ತು ಎಂದೇ ನಾವೆಲ್ಲರೂ ತಿಳಿದಿದ್ದೇವೆ. ಆದರೆ ಉಸಿರನ್ನು ಬಿಡಿಸುವುದಕ್ಕಲ್ಲ, ಬಿಗಿಸುವುದಕ್ಕೆಂದೇ ಕೊಡುವ ಔಷಧವೊಂದಿದೆ. ಅದರ ಹೆಸರು ಮೆಥಕೋಲಿನ್. ಒಬ್ಬ ಮನುಷ್ಯನಿಗೆ ಉಬ್ಬಸವಿದೆಯೋ ಇಲ್ಲವೋ ಎಂದು ನಿರ್ಣಯಿಸಲು ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ಹಬೆಯಂತೆ ಮಾಡಿ ಸೇದಿಸುತ್ತಾರೆ. ರೋಗವನ್ನು ಗುಣಪಡಿಸುವ ಶಕ್ತಿ ಇದಕ್ಕಿಲ್ಲ. ರೋಗವಿದ್ದರೆ ಅದನ್ನು ಬಯಲಿಗೆಳೆಯುವುದಷ್ಟೇ ಇದರ ಕೆಲಸ.

ಇಂಥ ಪರೀಕ್ಷೆಯ ಮಾತೆತ್ತಿದರೆ ನಮ್ಮ ಜನರಲ್ಲಿ ಎರಡು ಬಗೆಯ ನಡವಳಿಕೆ ಕಾಣುತ್ತದೆ. ಕೆಲವರು, "ದಮ್ಮು ಇಲ್ಲದವನಿಗೂ ದಮ್ಮು ಹತ್ತಿಸುತ್ತಾರಂತೆ" ಎಂದು ಆಸ್ಪತ್ರೆಯ ಕಡೆ ತಲೆಯನ್ನೇ ಹಾಕುವುದಿಲ್ಲ. ಇನ್ನು ಕೆಲವರು, "ಡಾಕ್ಟರು ಹೇಳಿದ ಮೇಲೆ ಮುಗಿಯಿತು" ಎಂದು ತಲೆತಗ್ಗಿಸಿ, ತಮಗೆ ಏನು ಕೊಡುತ್ತಿದ್ದಾರೆಂದೂ ಕೇಳದೆ ಬಾಯಿ ತೆರೆಯುತ್ತಾರೆ. ಈ ಎರಡೂ ತಪ್ಪು. ಈ ಪರೀಕ್ಷೆ ಸರಿಯಾದ ನಿಯಮದಲ್ಲಿ ನಡೆದರೆ ಭಯಪಡತಕ್ಕದ್ದೇನೂ ಇಲ್ಲ. ಆದರೆ ಆ ನಿಯಮಗಳು ಯಾರೋ ದಯೆಯಿಂದ ಕೊಡುವ ಭಿಕ್ಷೆಯೂ ಅಲ್ಲ. ಅವು ರೋಗಿಯ ಹಕ್ಕು. ಹಕ್ಕನ್ನು ಕೇಳಬೇಕಾದರೆ ಮೊದಲು ಅದನ್ನು ತಿಳಿದಿರಬೇಕು. ಹತ್ತಿಯ ಧೂಳಿನಲ್ಲಿ, ಹಿಟ್ಟಿನ ಧೂಳಿನಲ್ಲಿ ದಿನ ಕಳೆಯುವ ನಮ್ಮ ಓದುಗರಿಗೆ ಇದು ಬೇರೆಯವರ ವಿಷಯವಲ್ಲ.

ಇದು ಮಾಡುವುದೇನು?

ನಮ್ಮ ಶ್ವಾಸನಾಳಗಳ ಗೋಡೆಯಲ್ಲಿ ಸಣ್ಣ ಸ್ನಾಯುಗಳಿವೆ. ಅಸೆಟೈಲ್‌ಕೋಲಿನ್ ಎಂಬ ವಸ್ತುವನ್ನು ನರಗಳು ಹೊರಬಿಟ್ಟಾಗ ಈ ಸ್ನಾಯುಗಳು ಬಿಗಿಯುತ್ತವೆ, ನಾಳ ಕಿರಿದಾಗುತ್ತದೆ. ಮೆಥಕೋಲಿನ್ ಅದೇ ವಸ್ತುವಿನ ದಾಯಾದಿ, ಕಾರ್ಖಾನೆಯಲ್ಲಿ ತಯಾರಾಗುವಂಥದು. ನರ ಹೊರಬಿಡುವ ವಸ್ತುವಿಗಿಂತ ಇದು ದೇಹದಲ್ಲಿ ತುಸು ನಿಧಾನವಾಗಿ ಕರಗುತ್ತದೆ, ಆದುದರಿಂದ ಅಳತೆ ಮಾಡಲು ಕಾಲಾವಕಾಶ ದೊರೆಯುತ್ತದೆ.

ಗಾಯವಿಲ್ಲದ ಕೈಮೇಲೆ ನಿಂಬೆಯ ರಸ ಬಿದ್ದರೆ ಏನೂ ಆಗುವುದಿಲ್ಲ. ಗೀರು ಬಿದ್ದ ಕೈಗೆ ಅದೇ ರಸದ ಒಂದು ಹನಿ ಸಾಕು, ಚುರುಕ್ ಎನ್ನುತ್ತದೆ. ಉಬ್ಬಸವಿರುವವನ ಶ್ವಾಸನಾಳ ಗೀರು ಬಿದ್ದ ಕೈಯಿದ್ದಂತೆ. ಆರೋಗ್ಯವಂತನಿಗೆ ತಾಕದಷ್ಟು ಅಲ್ಪ ಪ್ರಮಾಣದ ಮೆಥಕೋಲಿನ್ ಅವನ ನಾಳವನ್ನು ಬಿಗಿಸುತ್ತದೆ. ಎಷ್ಟು ಕಡಿಮೆ ಪ್ರಮಾಣಕ್ಕೆ ಬಿಗಿಯಿತು ಎಂಬುದನ್ನು ಅಳೆದು ನೋಡುವುದೇ ಈ ಪರೀಕ್ಷೆ.

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಕೆನಡಾ ದೇಶದ ಹ್ಯಾಮಿಲ್ಟನ್ ನಗರದ ವೈದ್ಯರು 1977ರಲ್ಲಿ ಹಿಸ್ಟಮಿನ್ ಎಂಬ ಬೇರೊಂದು ವಸ್ತುವನ್ನು ಸೇದಿಸಿ ಅಳೆಯುವ ಕ್ರಮಬದ್ಧ ವಿಧಾನವನ್ನು ಪ್ರಕಟಿಸಿದರು. ಅದೇ ಹಾದಿಯಲ್ಲಿ ಮೆಥಕೋಲಿನ್ ಪರೀಕ್ಷೆಯೂ ಬೆಳೆಯಿತು. ಅಮೆರಿಕದ ಸರ್ಕಾರ 1986ರಲ್ಲಿ ಪ್ರೊವೊಕೋಲಿನ್ ಎಂಬ ಹೆಸರಿನಲ್ಲಿ ಇದಕ್ಕೆ ಮಂಜೂರಾತಿ ಕೊಟ್ಟಿತು. ಅಮೆರಿಕದ ಎದೆರೋಗ ತಜ್ಞರ ಸಂಘ 1999ರಲ್ಲಿಯೂ, ಯುರೋಪಿನ ಸಂಘ 2017ರಲ್ಲಿಯೂ ಇದನ್ನು ಹೇಗೆ ನಡೆಸಬೇಕೆಂಬ ನಿಯಮಾವಳಿಯನ್ನು ಹೊರಡಿಸಿದವು. ನಾನು ಮುಂದೆ ಹೇಳುವುದು ಆ ನಿಯಮಾವಳಿಗಳ ಸಾರವೇ ಹೊರತು ನನ್ನ ಕಲ್ಪನೆಯಲ್ಲ.

ಎಲ್ಲರಿಗೂ ಬೇಕಾಗಿಲ್ಲ

ಮೊದಲ ಮಾತು ಇದು: ಉಬ್ಬಸದ ಬಹುಪಾಲು ರೋಗಿಗಳಿಗೆ ಈ ಪರೀಕ್ಷೆಯೇ ಬೇಕಾಗಿಲ್ಲ. ಸ್ಪೈರೋಮೆಟ್ರಿ ಎಂಬ ಸರಳ ಪರೀಕ್ಷೆಯಿದೆ. ಎದೆ ತುಂಬ ಉಸಿರೆಳೆದುಕೊಂಡು ಕೊಳವೆಯೊಳಗೆ ಜೋರಾಗಿ ಊದಬೇಕು. ಮೊದಲನೆಯ ಒಂದು ಸೆಕೆಂಡಿನಲ್ಲಿ ಎಷ್ಟು ಲೀಟರು ಗಾಳಿ ಹೊರಬಂತು ಎಂಬುದನ್ನು ಯಂತ್ರ ತೋರಿಸುತ್ತದೆ. ಇದನ್ನು ಎಫ್.ಇ.ವಿ. ಒಂದು ಎನ್ನುತ್ತಾರೆ, ನಾವು 'ಮೊದಲ ಸೆಕೆಂಡಿನ ಗಾಳಿ' ಎನ್ನೋಣ. ಬಳಿಕ ನಾಳವನ್ನು ಸಡಿಲಿಸುವ ಸಾಲ್ಬ್ಯುಟಮಾಲ್ ಸೇದಿಸಿ ಮತ್ತೆ ಊದಿಸುತ್ತಾರೆ. ಈ ಗಾಳಿ ಶೇಕಡ 12ಕ್ಕಿಂತ ಹೆಚ್ಚು, ಮತ್ತು 200 ಮಿಲಿಲೀಟರಿಗಿಂತ ಹೆಚ್ಚು ಏರಿತೆಂದರೆ ರೋಗದ ಲಕ್ಷಣಗಳೊಡನೆ ಸೇರಿಸಿ ಉಬ್ಬಸವೆಂದು ನಿರ್ಣಯಿಸಲು ಅದು ಬಲವಾದ ಆಧಾರ. ಅಲ್ಲಿಗೆ ಕೆಲಸ ಮುಗಿಯಿತು. ಬಿಡಿಸಿ ನೋಡಿದ್ದಾಯಿತು, ಬಿಗಿಸಿ ನೋಡುವ ಅಗತ್ಯವಿಲ್ಲ.

ಹಾಗಾದರೆ ಮೆಥಕೋಲಿನ್ ಯಾರಿಗೆ? ರಾತ್ರಿಯ ಹೊತ್ತು ಕೆಮ್ಮು, ಆಗಾಗ ಎದೆ ಬಿಗಿತ ಎಂದು ಹೇಳುತ್ತಾನೆ. ಆದರೆ ಆಸ್ಪತ್ರೆಗೆ ಬಂದ ದಿನ ಊದಿಸಿ ನೋಡಿದರೆ ಎಲ್ಲವೂ ಸರಿಯಾಗಿದೆ. ಇಂಥವನಿಗೆ. ಸಂಶಯ ಉಳಿದಾಗ ಮಾತ್ರ. ಎದುರಿಗೇ ಸುಂಯ್ ಸುಂಯ್ ಎಂದು ಉಸಿರಾಡುತ್ತ ಕುಳಿತವನಿಗೆ, ಅಂದೇ ಉಬ್ಬಸ ಕೆರಳಿರುವವನಿಗೆ ಇದನ್ನು ಕೊಡಕೂಡದು. ಉರಿಯುತ್ತಿರುವ ಮನೆಯಲ್ಲಿ ಬೆಂಕಿಯಿದೆಯೇ ಎಂದು ನೋಡಲು ಕಡ್ಡಿ ಗೀರುವವರುಂಟೇ?

ಮೆಟ್ಟಿಲು ಮೆಟ್ಟಿಲಾಗಿ

ಇನ್ನು ಪರೀಕ್ಷೆ ನಡೆಯುವ ಬಗೆ. ಇದರ ಸುರಕ್ಷತೆಯೆಲ್ಲ ನಾಲ್ಕು ಮಾತಿನಲ್ಲಿದೆ: ಅಲ್ಪದಿಂದ ಆರಂಭಿಸು, ಪ್ರತಿ ಮೆಟ್ಟಿಲಿಗೂ ಅಳೆ, ಗಡಿ ಮುಟ್ಟಿದೊಡನೆ ನಿಲ್ಲಿಸು, ಬಿಡಿಸುವ ಔಷಧ ಕೈಯಳತೆಯಲ್ಲಿರಲಿ.

ಮೊದಲು ಮಾಮೂಲಾಗಿ ಊದಿಸುತ್ತಾರೆ. ಮೊದಲ ಸೆಕೆಂಡಿನ ಗಾಳಿ ಆ ವಯಸ್ಸಿಗೆ, ಎತ್ತರಕ್ಕೆ ಇರಬೇಕಾದುದರ ಶೇಕಡ 60ಕ್ಕಿಂತ ಕೆಳಗಿದ್ದರೆ, ಅಥವಾ ದೊಡ್ಡವರಲ್ಲಿ ಒಂದೂವರೆ ಲೀಟರಿಗಿಂತ ಕಡಿಮೆಯಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲತಕ್ಕದ್ದು. ಬಂಡವಾಳವೇ ಇಲ್ಲದ ಅಂಗಡಿಯಲ್ಲಿ ನಷ್ಟ ತಾಳುವ ಶಕ್ತಿ ಎಲ್ಲಿಂದ ಬರಬೇಕು?

ಗಾಳಿ ಸಾಕಷ್ಟಿದ್ದರೆ ನೆಬ್ಯುಲೈಸರಿನ ಮೂಲಕ ದ್ರಾವಣದ ಹಬೆಯನ್ನು ಸೇದಿಸುತ್ತಾರೆ. ಅನೇಕ ಕಡೆ ಮೊದಲು ಔಷಧವಿಲ್ಲದ ಬರಿಯ ಉಪ್ಪುನೀರಿನ ಹಬೆ ಕೊಡುತ್ತಾರೆ. ಅಷ್ಟಕ್ಕೇ ನಾಳ ಬಿಗಿಯುವುದೋ ಎಂದು ನೋಡುವುದಕ್ಕಾಗಿ. ಅನಂತರ ಮೆಥಕೋಲಿನ್. 1999ರ ನಿಯಮಾವಳಿಯಲ್ಲಿರುವ ಒಂದು ಕ್ರಮದಂತೆ ಮೊದಲನೆಯ ದ್ರಾವಣದಲ್ಲಿ ಪ್ರತಿ ಮಿಲಿಲೀಟರಿಗೆ 0.0625 ಮಿಲಿಗ್ರಾಂ ಔಷಧವಿರುತ್ತದೆ. ಬಳಿಕ 0.25, ಬಳಿಕ 1, ಬಳಿಕ 4, ಕೊನೆಗೆ 16. ಒಂದೊಂದು ಮೆಟ್ಟಿಲಿಗೆ ನಾಲ್ಕು ಪಟ್ಟು. ಈ ಲೆಕ್ಕವನ್ನು ತುಸು ಗಮನಿಸಿರಿ. ಕೊನೆಯ ದ್ರಾವಣ ಮೊದಲನೆಯದಕ್ಕಿಂತ 256 ಪಟ್ಟು ಗಾಢವಾದುದು. ಆದರೆ ಕಣ್ಣಿಗೆ ಐದೂ ಒಂದೇ. ಐದೂ ತಿಳಿನೀರಿನಂತೆಯೇ ಕಾಣುತ್ತವೆ. ಆದುದರಿಂದ ಪ್ರತಿಯೊಂದರ ಮೇಲೂ ಪ್ರಮಾಣ ಬರೆದ ಚೀಟಿ ಅಂಟಿಸಿರಲೇಬೇಕು. ಹೊತ್ತಾಯಿತೆಂದು ನಡುವಿನ ಮೆಟ್ಟಿಲು ಹಾರುವುದಾಗಲಿ, "ಇವನು ಗಟ್ಟಿ ಆಳು" ಎಂದು ಮೇಲಿನಿಂದ ಆರಂಭಿಸುವುದಾಗಲಿ ಕೂಡದು. ಒಳಗಿನ ಶ್ವಾಸನಾಳ ಹೇಗಿದೆಯೆಂದು ರಟ್ಟೆ ಹೇಳುವುದಿಲ್ಲ.

ಪ್ರತಿ ಸಲ ಸೇದಿದ ಮೇಲೆ ಸುಮಾರು 30 ಸೆಕೆಂಡಿಗೊಮ್ಮೆ, 90 ಸೆಕೆಂಡಿಗೊಮ್ಮೆ ಊದಿಸಿ ಅಳೆಯುತ್ತಾರೆ. ಮೊದಲಿನ ಅಳತೆಗಿಂತ ಶೇಕಡ 20 ಇಳಿಯಿತೆಂದರೆ ಅಲ್ಲಿಗೆ ಸಾಕು. ಉದಾಹರಣೆಗೆ, ಒಬ್ಬನ ಗಾಳಿ ಮೊದಲು 3 ಲೀಟರು ಇತ್ತೆನ್ನಿ. ಅದು 2.4 ಲೀಟರಿಗೆ ಇಳಿದ ಕೂಡಲೇ ಔಷಧ ಬಂದ್. ತಕ್ಷಣ ಸಾಲ್ಬ್ಯುಟಮಾಲ್ ಸೇದಿಸಬೇಕು. ನಾಳ ಕೆಲವು ನಿಮಿಷಗಳಲ್ಲಿ ಸಡಿಲಗೊಳ್ಳುತ್ತದೆ. ಆದರೂ ಕಣ್ಣಂದಾಜಿನ ಮೇಲೆ ಮನೆಗೆ ಕಳಿಸಕೂಡದು. ಮತ್ತೆ ಊದಿಸಿ, ಮೊದಲಿನ ಅಳತೆಗೆ ಶೇಕಡ 10ರ ಒಳಗೆ ಬಂತೇ, ಅಂದರೆ ನಮ್ಮ ಉದಾಹರಣೆಯಲ್ಲಿ 2.7 ಲೀಟರು ಮುಟ್ಟಿತೇ ಎಂದು ನೋಡಿಯೇ ಕಳಿಸಬೇಕು.

ಪರೀಕ್ಷೆಯ ವೇಳೆ ಕೆಮ್ಮು, ಎದೆ ಬಿಗಿತ, ಸ್ವಲ್ಪ ತಲೆನೋವು, ತಲೆ ತಿರುಗಿದಂತಾಗುವುದು ಇವೆಲ್ಲ ಉಂಟಾಗಬಹುದು. ಇವು ಸಾಮಾನ್ಯವಾಗಿ ಬೇಗ ಇಳಿಯುತ್ತವೆ. ಆದರೆ ಕೆಲವರಲ್ಲಿ ಅತ್ಯಲ್ಪ ಪ್ರಮಾಣಕ್ಕೇ ನಾಳ ಜೋರಾಗಿ ಬಿಗಿಯುವ ಸಂಭವವಿದೆ. ಔಷಧದ ಅಧಿಕೃತ ಹಾಳೆಯಲ್ಲಿಯೇ ಈ ಎಚ್ಚರಿಕೆಯಿದೆ. ಅದಕ್ಕಾಗಿಯೇ ಸಾಲ್ಬ್ಯುಟಮಾಲ್, ಆಕ್ಸಿಜನ್, ತುರ್ತು ಚಿಕಿತ್ಸೆಯ ಸಾಮಗ್ರಿ ಕೋಣೆಯಲ್ಲಿಯೇ ಇರಬೇಕು; ಕರೆದ ಕೂಡಲೇ ಬರಬಲ್ಲ ವೈದ್ಯರು ಹತ್ತಿರದಲ್ಲಿಯೇ ಇರಬೇಕು. "ಆಕ್ಸಿಜನ್ ಕೆಳಗಿನ ವಾರ್ಡಿನಲ್ಲಿದೆ, ಬೇಕಾದರೆ ತರಿಸೋಣ" ಎಂಬ ಉತ್ತರ ಇಲ್ಲಿ ಸಲ್ಲದು. ಉಸಿರು ನಿಲ್ಲುವಾಗ ಮೆಟ್ಟಿಲು ಇಳಿದು ಹತ್ತುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಮುಚ್ಚಿಡದೆ ಹೇಳಿರಿ

ಆಸ್ಪತ್ರೆಯವರ ಕರ್ತವ್ಯದಂತೆಯೇ ನಮ್ಮ ಕರ್ತವ್ಯವೂ ಇದೆ. ಕಳೆದ ಮೂರು ತಿಂಗಳಲ್ಲಿ ಹೃದಯಾಘಾತವಾಗಲಿ ಲಕ್ವವಾಗಲಿ ಆಗಿದ್ದವರಿಗೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರಿಗೆ, ಎದೆಯ ಅಥವಾ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿರುವವರಿಗೆ ಈ ಪರೀಕ್ಷೆ ಸಲ್ಲದು. ಗರ್ಭಿಣಿಯರೂ, ಎದೆಹಾಲುಣಿಸುವ ತಾಯಂದಿರೂ ಮೊದಲೇ ತಿಳಿಸಬೇಕು. ಮಯಸ್ತೀನಿಯಾ ಎಂಬ ಸ್ನಾಯುಗಳ ಬಲಹೀನತೆಗೆ ಮಾತ್ರೆ ನುಂಗುವವರು ತಿಳಿಸಲೇಬೇಕು. ಮೆಥಕೋಲಿನನ್ನು ದೇಹದಲ್ಲಿ ಕರಗಿಸುವ ಕಿಣ್ವವನ್ನು ಆ ಮಾತ್ರೆ ತಡೆಹಿಡಿಯುತ್ತದೆ. ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳೂ ಅದೇ ಕಿಣ್ವವನ್ನೇ ತಡೆಯುತ್ತವೆ. ಪಾಳಿ ಮುಗಿಸಿ ಹೊಲದಲ್ಲಿ ದುಡಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇತ್ತೀಚೆಗೆ ಔಷಧಿ ಹೊಡೆದಿದ್ದರೆ ಅದನ್ನೂ ಹೇಳಿರಿ. ರಕ್ತದೊತ್ತಡಕ್ಕೋ ಹೃದಯಕ್ಕೋ ಪ್ರೊಪ್ರನಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಯ ಪಟ್ಟಿಯನ್ನೇ ಒಯ್ದು ತೋರಿಸಿರಿ. ಆ ಮಾತ್ರೆ ಒಳಗಿದ್ದಾಗ ಬಿಗಿತವೂ ಹೆಚ್ಚು, ಬಿಡಿಸುವ ಸಾಲ್ಬ್ಯುಟಮಾಲ್ ಹಿಡಿಯುವುದೂ ಕಡಿಮೆ.

ಉಬ್ಬಸದ ಔಷಧಗಳ ವಿಷಯ ಬೇರೆ. ಅವು ಒಳಗಿದ್ದರೆ ಪರೀಕ್ಷೆಯ ಫಲಿತಾಂಶ ಸುಳ್ಳಾಗುತ್ತದೆ. ಆದುದರಿಂದ ಸಾಲ್ಬ್ಯುಟಮಾಲನ್ನು 6 ಗಂಟೆ, ಸಾಲ್ಮೆಟೆರಾಲ್, ಫಾರ್ಮೊಟೆರಾಲ್‌ನಂಥ ದೀರ್ಘಾವಧಿಯವನ್ನು 36 ಗಂಟೆ, ಟಯೊಟ್ರೋಪಿಯಂ ಎಂಬುದನ್ನು 7 ದಿನ ಮೊದಲೇ ನಿಲ್ಲಿಸಬೇಕೆಂದು 2017ರ ನಿಯಮಾವಳಿ ಹೇಳುತ್ತದೆ. ಆದರೆ ಇದನ್ನು ಓದಿಕೊಂಡು ಯಾರೂ ತಾವಾಗಿ ಔಷಧ ನಿಲ್ಲಿಸತಕ್ಕದ್ದಲ್ಲ. ಯಾವುದನ್ನು, ಎಂದಿನಿಂದ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿರಿ. ನಿಲ್ಲಿಸಿದಾಗ ನಡುವೆ ದಮ್ಮು ಕೆರಳಿದರೆ ಪರೀಕ್ಷೆಯನ್ನು ಬದಿಗಿಟ್ಟು ಔಷಧ ತೆಗೆದುಕೊಳ್ಳಿರಿ. ಪರೀಕ್ಷೆಯನ್ನು ಇನ್ನೊಂದು ದಿನ ಮಾಡಬಹುದು.

ಯಂತ್ರದ ಹಿಂದೆ ನಿಂತಿರುವವರು

ಈ ಪರೀಕ್ಷೆಯಲ್ಲಿ ಇನ್ನೊಬ್ಬ ದುಡಿಮೆಗಾರನಿದ್ದಾನೆ, ಅವನನ್ನು ಮರೆಯಬಾರದು. ದ್ರಾವಣ ಬೆರೆಸಿ, ಹಬೆ ಕೊಟ್ಟು, ಗಡಿಯಾರ ನೋಡಿ, ಅಳತೆ ಬರೆದುಕೊಳ್ಳುವ ತಂತ್ರಜ್ಞ. ರೋಗಿ ಹೊರಬಿಟ್ಟ ಹಬೆ ಅದೇ ಕೋಣೆಯ ಗಾಳಿಯಲ್ಲಿ ಸೇರುತ್ತದೆ. ದಿನಕ್ಕೆ ಹಲವರಿಗೆ ಪರೀಕ್ಷೆ ಮಾಡುವ ತಂತ್ರಜ್ಞನೂ ಅದನ್ನೇ ಉಸಿರಾಡುತ್ತಾನೆ. ಅವನಿಗೇ ಉಬ್ಬಸವಿದ್ದರೆ ಅಪಾಯ ಅವನಿಗೂ ತಪ್ಪಿದ್ದಲ್ಲ. ಅದಕ್ಕಾಗಿ ಕೋಣೆಯಲ್ಲಿ ಗಾಳಿ ಚೆನ್ನಾಗಿ ಆಡುವಂತಿರಬೇಕು, ಉಸಿರು ಹೊರಬಿಡುವ ಕೊಳವೆಗೆ ಶೋಧಕ ಇರಬೇಕು, ಉಬ್ಬಸವಿರುವ ನೌಕರನಿಗೆ ಆ ಹಬೆ ತಾಕದಂತೆ ನೋಡಿಕೊಳ್ಳಬೇಕು.

ಒಬ್ಬನೇ ತಂತ್ರಜ್ಞನಿಗೆ ಮೂವರ ಕೆಲಸ ಹೊರಿಸಿ, ಹೊರಗೆ ಮೂವತ್ತು ಜನರನ್ನು ಸಾಲುಗಟ್ಟಿಸಿ ನಿಲ್ಲಿಸಿದರೆ 90 ಸೆಕೆಂಡಿನ ಲೆಕ್ಕ ಯಾರು ಇಟ್ಟಾರು? ಇದು ಗಿರಣಿಯ ಜನಕ್ಕೆ ಹೇಳಿಕೊಡಬೇಕಾದ ಪಾಠವಲ್ಲ. ಒಬ್ಬ ಆಳಿಗೆ ಇಮ್ಮಡಿ ಮಗ್ಗ ಕೊಟ್ಟಾಗ ಎಳೆ ಕಡಿಯುವುದು ಹೇಗೆಂಬುದನ್ನು ನೀವು ಬಲ್ಲಿರಿ. ಅಲ್ಲಿ ಕಡಿಯುವುದು ನೂಲು. ಇಲ್ಲಿ ಕಡಿಯುವುದು ಬೇರೆ. ಆದುದರಿಂದ ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ನೌಕರರು ಸಾಕಷ್ಟು ಇರಬೇಕೆಂಬ ಬೇಡಿಕೆ ಅವರ ಸಂಬಳದ ಪ್ರಶ್ನೆ ಮಾತ್ರವಲ್ಲ, ನಮ್ಮ ಜೀವದ ಪ್ರಶ್ನೆಯೂ ಹೌದು.

ಬಾಲ್ಟಿಮೋರಿನಲ್ಲಿ ಆದದ್ದು

"ಇಷ್ಟೆಲ್ಲ ಕಟ್ಟುನಿಟ್ಟು ಏಕೆ? ದೊಡ್ಡ ಆಸ್ಪತ್ರೆಯವರಿಗೆ ತಿಳಿಯದೇ?" ಎಂದು ಕೇಳುವವರಿದ್ದಾರೆ. ಅವರಿಗೆ ಅಮೆರಿಕದ ಬಾಲ್ಟಿಮೋರ್ ನಗರದ ಸಂಗತಿಯನ್ನು ಹೇಳಬೇಕು. ಅಲ್ಲಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ವೈದ್ಯವಿದ್ಯೆಯಲ್ಲಿ ಜಗತ್ತಿಗೇ ಹೆಸರುವಾಸಿಯಾದುದು. ಆರೋಗ್ಯವಂತರ ಶ್ವಾಸನಾಳ ಉಬ್ಬಸಕ್ಕೆ ಈಡಾಗದೆ ಹೇಗೆ ಉಳಿದುಕೊಳ್ಳುತ್ತದೆ ಎಂದು ತಿಳಿಯಲು 2001ರಲ್ಲಿ ಅಲ್ಲಿ ಒಂದು ಸಂಶೋಧನೆ ನಡೆಯಿತು. ಅದಕ್ಕಾಗಿ ಆರೋಗ್ಯವಂತ ಸ್ವಯಂಸೇವಕರಿಗೆ ಹೆಕ್ಸಮೆಥೋನಿಯಂ ಎಂಬ ವಸ್ತುವನ್ನು ಸೇದಿಸಿದರು. ಇದು ಮೆಥಕೋಲಿನ್ ಅಲ್ಲ, ಬೇರೆಯದೇ ವಸ್ತು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. 1950ರ ದಶಕದಲ್ಲಿ ರಕ್ತದೊತ್ತಡಕ್ಕೆ ಕೊಡುತ್ತಿದ್ದ ಔಷಧವದು. ಅದರ ಮಂಜೂರಾತಿ 1972ರಲ್ಲಿಯೇ ರದ್ದಾಗಿತ್ತು. ಸೇದುವ ರೂಪದಲ್ಲಿಯಂತೂ ಅದಕ್ಕೆ ಮಂಜೂರಾತಿಯೇ ಇರಲಿಲ್ಲ.

ಮೊದಲನೆಯ ಸ್ವಯಂಸೇವಕನಿಗೆ ಕೆಮ್ಮು ಹತ್ತಿತು. ಅದನ್ನು ನೈತಿಕ ಮಂಡಳಿಗೆ ಕೂಡಲೇ ತಿಳಿಸಲಿಲ್ಲ, ಪ್ರಯೋಗ ಮುಂದುವರಿಯಿತು. ಮೂರನೆಯವಳು 24 ವರ್ಷದ ಆರೋಗ್ಯವಂತ ತರುಣಿ; ಅದೇ ವಿಶ್ವವಿದ್ಯಾಲಯದ ಉಬ್ಬಸ ಕೇಂದ್ರದಲ್ಲಿ ಕೆಲಸಕ್ಕಿದ್ದ ತಂತ್ರಜ್ಞೆ. ಮೇ 4ರಂದು ಸೇದಿದಳು. ಜೂನ್ 2ರಂದು ಪುಪ್ಪುಸಗಳು ಕೆಟ್ಟು ತೀರಿಕೊಂಡಳು. ಆ ವಸ್ತುವಿನಿಂದ ಪುಪ್ಪುಸಕ್ಕೆ ಹಾನಿಯಾಗುತ್ತದೆಂಬ ವರದಿಗಳು 1950ರ ದಶಕದ ವೈದ್ಯ ಪತ್ರಿಕೆಗಳಲ್ಲಿಯೇ ಇದ್ದವು. ಆದರೆ ಸಂಶೋಧಕರು ಹುಡುಕಿದ ಗಣಕಯಂತ್ರದ ಸೂಚಿ ಆಗ 1966ರಿಂದ ಈಚಿನ ಬರಹಗಳನ್ನಷ್ಟೇ ತೋರಿಸುತ್ತಿತ್ತು. ಸ್ವಯಂಸೇವಕರಿಂದ ರುಜು ಹಾಕಿಸಿಕೊಂಡ ಕಾಗದದಲ್ಲಿ ಆ ವಸ್ತುವನ್ನು ಔಷಧವೆಂದೇ ಕರೆದಿತ್ತು, ಅದಕ್ಕೆ ಮಂಜೂರಾತಿ ಇಲ್ಲವೆಂಬ ಮಾತು ಅದರಲ್ಲಿರಲಿಲ್ಲ. ಅಮೆರಿಕ ಸರ್ಕಾರ ಆ ವರ್ಷದ ಜುಲೈ 19ರಂದು ತನ್ನ ಹಣದಿಂದ ಅಲ್ಲಿ ನಡೆಯುತ್ತಿದ್ದ ಮನುಷ್ಯ ಪ್ರಯೋಗಗಳನ್ನೆಲ್ಲ ತಡೆದು, ಕೆಲವೇ ದಿನಗಳ ಬಳಿಕ ಷರತ್ತು ವಿಧಿಸಿ ಮತ್ತೆ ಬಿಟ್ಟಿತು.

ಇದರಿಂದ ನಾವು ಕಲಿಯುವುದೇನು? ಹೆಸರು ದೊಡ್ಡದೆಂಬುದು ಜೀವಕ್ಕೆ ಜಾಮೀನಲ್ಲ. ಮೊದಲನೆಯವನ ಕೆಮ್ಮಿಗೆ ಬೆಲೆ ಕೊಡದಿದ್ದರೆ ಮೂರನೆಯವಳು ಬೆಲೆ ತೆರಬೇಕಾಗುತ್ತದೆ. ಇನ್ನೂ ಒಂದು ಮಾತು. ಅವಳು ಅಲ್ಲಿಯೇ ಸಂಬಳಕ್ಕಿದ್ದವಳು. ತಾನು ದುಡಿಯುವ ಕಡೆಯೇ, ಕೊಡುವ ಕೈಯೂ ಕೇಳುವ ಬಾಯಿಯೂ ಒಂದೇ ಆದಾಗ, "ನಾನೊಲ್ಲೆ" ಎನ್ನುವ ಸ್ವಾತಂತ್ರ್ಯ ನೌಕರನಿಗೆ ಎಷ್ಟರಮಟ್ಟಿಗೆ ಉಳಿದಿರುತ್ತದೆ? ಕಾಗದದ ಮೇಲೆ ಪೂರ್ತಿಯಾಗಿ, ಕಾರ್ಯತಃ ಬಹಳ ಕಡಿಮೆ ಎಂದೇ ನನ್ನ ಅಭಿಪ್ರಾಯ. ಧಣಿಯೋ ಅಧಿಕಾರಿಯೋ ಹೇಳಿದನೆಂದು ಪರೀಕ್ಷೆಗೆ ಹೋಗುವ ಪ್ರತಿಯೊಬ್ಬ ಕಾರ್ಮಿಕನೂ ಈ ಪ್ರಶ್ನೆಯನ್ನು ತನಗೆ ತಾನು ಹಾಕಿಕೊಳ್ಳತಕ್ಕದ್ದು. ರುಜು ಹಾಕುವ ಮುನ್ನ ಕಾಗದವನ್ನು ಕನ್ನಡದಲ್ಲಿ ಓದಿಸಿಕೊಳ್ಳಬೇಕು. "ಇದು ನನ್ನ ಚಿಕಿತ್ಸೆಗೋ, ನಿಮ್ಮ ಸಂಶೋಧನೆಗೋ?" ಎಂದು ನೇರವಾಗಿ ಕೇಳಬೇಕು.

ಕಾಗದವನ್ನು ಓದುವ ಬಗೆ

ಪರೀಕ್ಷೆ ಸುರಕ್ಷಿತವಾಗಿ ಮುಗಿಯಿತು ಎನ್ನೋಣ. ಕೈಗೆ ಒಂದು ಕಾಗದ ಬಂತು. ಅಲ್ಲಿಗೆ ಅಪಾಯ ಮುಗಿಯಲಿಲ್ಲ. ಆ ಕಾಗದವನ್ನು ತಪ್ಪಾಗಿ ಓದಿದರೆ ಅದರಿಂದ ಆಗುವ ಹಾನಿ ಹಬೆಯಿಂದ ಆಗುವ ಹಾನಿಗಿಂತ ಕಡಿಮೆಯಲ್ಲ.

ಗಾಢ ದ್ರಾವಣಕ್ಕೂ ನಾಳ ಬಿಗಿಯದಿದ್ದರೆ, 2017ರ ಲೆಕ್ಕದಂತೆ 400 ಮೈಕ್ರೋಗ್ರಾಂ ಒಳಹೋದರೂ ಗಾಳಿ ಶೇಕಡ 20 ಇಳಿಯದಿದ್ದರೆ, ಪರೀಕ್ಷೆ ಸಹಜವಾಗಿದೆ ಎನ್ನುತ್ತಾರೆ. ಇತ್ತೀಚಿನ ದಿನಗಳಲ್ಲಿ ತೊಂದರೆ ಅನುಭವಿಸುತ್ತಿರುವವನಲ್ಲಿ ಹೀಗೆ ಬಂದರೆ ಸದ್ಯಕ್ಕೆ ಉಬ್ಬಸವಿರುವ ಸಂಭವ ಬಹಳ ಕಡಿಮೆ. ಆದರೆ ಬಿಗಿಯಿತೆಂದ ಮಾತ್ರಕ್ಕೆ ಉಬ್ಬಸವೇ ಎಂದು ಹೇಳಬರುವುದಿಲ್ಲ. ಮೂಗಿನ ಅಲರ್ಜಿ ಇರುವವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ, ಹೊಸದಾಗಿ ನೆಗಡಿ ಬಂದು ಹೋದವರಲ್ಲಿಯೂ ನಾಳ ಬಿಗಿಯಬಹುದು. ಇಲ್ಲ ಎಂದು ಹೇಳುವುದರಲ್ಲಿ ಈ ಪರೀಕ್ಷೆ ಗಟ್ಟಿ, ಹೌದು ಎಂದು ಹೇಳುವುದರಲ್ಲಿ ಅಷ್ಟು ಗಟ್ಟಿಯಲ್ಲ.

ಇಲ್ಲಿಯೇ ಕಾರ್ಮಿಕರು ಕಣ್ಣು ತೆರೆದಿರಬೇಕಾದ ಜಾಗವಿದೆ. ಕೆಲಸದಿಂದಲೇ ಹುಟ್ಟುವ ಉಬ್ಬಸವುಂಟು. ರೊಟ್ಟಿ ಭಟ್ಟಿಯಲ್ಲಿ ಹಿಟ್ಟು ಕಲಸುವವರಿಗೆ ಹಿಟ್ಟಿನ ಧೂಳಿನಿಂದ ಬರುವ ಉಬ್ಬಸ ಹಳೆಯ ಉದಾಹರಣೆ. ಕೆಲಸದಿಂದ ದೂರವಿದ್ದಾಗ ಇಂಥ ಉಬ್ಬಸ ಅನೇಕರಲ್ಲಿ ತಗ್ಗುತ್ತದೆ. ಒಬ್ಬನು ಕಾಯಿಲೆಯ ರಜೆ ಹಾಕಿ ವಾರಗಟ್ಟಲೆ ಮನೆಯಲ್ಲಿದ್ದು, ಆಮೇಲೆ ಪರೀಕ್ಷೆಗೆ ಹೋದರೆ ಫಲಿತಾಂಶ ಸಹಜವೆಂದು ಬರಬಹುದು. ಅದನ್ನು ಹಿಡಿದುಕೊಂಡು, "ನಿನಗೆ ಏನೂ ಇಲ್ಲ, ಸೋಗು ಹಾಕುತ್ತೀಯೆ" ಎಂದರೆ ಅದು ವಿಜ್ಞಾನವಲ್ಲ, ಅನ್ಯಾಯ. ಕೆಲಸದಲ್ಲಿ ನಿರತನಾಗಿರುವಾಗ, ತೊಂದರೆಯಿರುವ ದಿನಗಳಲ್ಲಿ ಮಾಡಿದ ಪರೀಕ್ಷೆಗೆ ಮಾತ್ರ ಈ ವಿಷಯದಲ್ಲಿ ಬೆಲೆ.

ಹತ್ತಿ ಗಿರಣಿಯವರಿಗೆ ಇನ್ನೊಂದು ಮಾತು. ಬಿಸಿನೋಸಿಸ್ ಎಂಬ ಹತ್ತಿಧೂಳಿನ ರೋಗವನ್ನು ಉಬ್ಬಸದೊಡನೆ ಕಲಸಿಬಿಡಬಾರದು. ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಲ್ಲಿ 1950ರ ದಶಕದಲ್ಲಿ ಡಾ. ರಿಚರ್ಡ್ ಶಿಲ್ಲಿಂಗ್ ಅವರು ಇದನ್ನು ಕೂಲಂಕಷವಾಗಿ ಪರಿಶೀಲಿಸಿದರು. ರಜೆಯ ಬಳಿಕ ಮೊದಲ ದಿನ, ಅಂದರೆ ಸೋಮವಾರ, ಎದೆ ಬಿಗಿಯುವುದು ಇದರ ಗುರುತು. ಕಾರ್ಡಿಂಗ್ ಖಾತೆಯಲ್ಲಿ, ಬ್ಲೋ ರೂಮಿನಲ್ಲಿ ದುಡಿಯುವವರಿಗೆ ಇದು ಹೆಚ್ಚು. ನಮ್ಮ ದೇಶದ ಕಾನೂನಿನಲ್ಲಿಯೂ ಇದು ಉದ್ಯೋಗದಿಂದ ಬರುವ ರೋಗಗಳ ಪಟ್ಟಿಯಲ್ಲಿದೆ. ಮೆಥಕೋಲಿನ್ ಪರೀಕ್ಷೆಯ ಒಂದು ಕಾಗದ ಇದನ್ನು ಸಾಧಿಸಲೂ ಆರದು, ಅಲ್ಲಗಳೆಯಲೂ ಆರದು.

ಹಾಗಾದರೆ ಕೆಲಸಕ್ಕೂ ಉಸಿರಿಗೂ ಇರುವ ನಂಟನ್ನು ತೋರಿಸುವುದು ಹೇಗೆ? ಇದಕ್ಕೆ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಕೊಳವೆಯಿದೆ. ಅದಕ್ಕೆ ವಿದ್ಯುತ್ತೂ ಬೇಡ, ಹಬೆಯೂ ಬೇಡ, ಅಪಾಯವೂ ಇಲ್ಲ. ದಿನಕ್ಕೆ ಕಡಿಮೆಯೆಂದರೆ ನಾಲ್ಕು ಸಲ ಊದಿ, ಪಾಳಿಯ ದಿನಗಳಲ್ಲೂ ರಜೆಯ ದಿನಗಳಲ್ಲೂ ಎರಡು ಮೂರು ವಾರಗಳ ಕಾಲ ಬರೆದಿಟ್ಟರೆ ಏರಿಳಿತ ತಾನಾಗಿ ಕಾಣುತ್ತದೆ. ಅಂಗಡಿಯ ರೋಕಡ ಪುಸ್ತಕದಂತೆ ಇದೂ ಒಂದು ಲೆಕ್ಕ. ಎರಡು ಕಾಲಂ ಹಾಕಿ, ದಿನಾಂಕ, ಪಾಳಿ, ಅಂಕಿ ಬರೆದರೆ ಸಾಕು. ನಾಲ್ಕನೆಯ ಇಯತ್ತೆ ಓದಿದವನೂ ಇದನ್ನು ಮಾಡಬಲ್ಲ. ಈ ಲೆಕ್ಕವನ್ನೂ ಪರೀಕ್ಷೆಯ ಕಾಗದವನ್ನೂ ಒಟ್ಟಿಗೆ ಇಟ್ಟು ನೋಡಿದ ವೈದ್ಯರ ಅಭಿಪ್ರಾಯಕ್ಕೆ ತೂಕ ಬರುತ್ತದೆ.

ಇನ್ನೊಂದು ಅನ್ಯಾಯವನ್ನೂ ತಡೆಯಬೇಕು. ನಾಳ ಬಿಗಿಯಿತೆಂದು ಕಾಗದ ಬಂದೊಡನೆ, "ನೀನು ಕೆಲಸಕ್ಕೆ ಲಾಯಕ್ಕಲ್ಲ" ಎಂದು ಆಳನ್ನು ಹೊರದೂಡುವುದು. ರೋಗಿಯ ಕಾಗದ ರೋಗಿಯದು. ಅದು ಅವನ ಚಿಕಿತ್ಸೆಗೆ, ಅವನಿಗೆ ಧೂಳಿಲ್ಲದ ಖಾತೆ ಕೊಡುವುದಕ್ಕೆ, ಖಾತೆಯ ಧೂಳನ್ನೇ ಇಳಿಸುವುದಕ್ಕೆ ಸಾಧನವಾಗಬೇಕು. ಧೂಳನ್ನು ಉಳಿಸಿಕೊಂಡು ಮನುಷ್ಯನನ್ನು ಹೊರಗೆ ಹಾಕಿದರೆ ನಾಳೆ ಅದೇ ಜಾಗಕ್ಕೆ ಬರುವ ಇನ್ನೊಬ್ಬನ ಎದೆ ಬಿಗಿಯುತ್ತದೆ.

ಬಡವರ ಆಸ್ಪತ್ರೆಗೆ ಇದು ಸಾಧ್ಯವೇ?

"ಇಷ್ಟೆಲ್ಲ ನಿಯಮ ಪಾಲಿಸಲು ಹಣವೆಲ್ಲಿದೆ?" ಎಂಬ ಮಾತು ಬಂದೇ ಬರುತ್ತದೆ. ಯಾವುದಕ್ಕೆ ಹಣ? ಸಾಲ್ಬ್ಯುಟಮಾಲ್ ಸಾಮಾನ್ಯ ಔಷಧ. ಆಕ್ಸಿಜನ್ ಇಲ್ಲದ ಆಸ್ಪತ್ರೆ ಆಸ್ಪತ್ರೆಯೇ ಅಲ್ಲ. ಗಡಿಯಾರ ಎಲ್ಲ ಗೋಡೆಯ ಮೇಲೂ ಇದೆ. ಪ್ರಮಾಣ ಬರೆದು ಅಂಟಿಸುವ ಚೀಟಿಗೆ ಎಷ್ಟು ಖರ್ಚು? ಇಲ್ಲಿ ಕೊರತೆಯಾಗುವುದು ಹೆಚ್ಚಾಗಿ ಹಣದ್ದಲ್ಲ, ಜನರದ್ದು ಮತ್ತು ತಾಳ್ಮೆಯದ್ದು. ಇವು ಒದಗದ ಕಡೆ ಪರೀಕ್ಷೆಯನ್ನು ಅರೆಬರೆ ಮಾಡುವುದಕ್ಕಿಂತ ಮಾಡದಿರುವುದೇ ಲೇಸು. ಅಂಥ ಊರಿನಲ್ಲಿ ಸ್ಪೈರೋಮೆಟ್ರಿ ಮಾಡಲಿ, ಪೀಕ್ ಫ್ಲೋ ಲೆಕ್ಕ ಬರೆಸಲಿ. ಸಂಶಯ ಉಳಿದರೆ ಎಲ್ಲ ಅನುಕೂಲವಿರುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರೆದುಕೊಡಲಿ. ಬಸ್ಸಿನ ಖರ್ಚು ದೊಡ್ಡದೇ, ಒಪ್ಪುತ್ತೇನೆ. ಉಸಿರಿನ ಖರ್ಚು ಅದಕ್ಕಿಂತ ದೊಡ್ಡದು.

ಕೊನೆಯದಾಗಿ, ಪರೀಕ್ಷೆಗೆ ಹೋಗುವವರು ಕೇಳಬೇಕಾದ ಪ್ರಶ್ನೆಗಳನ್ನು ಕೆಳಗೆ ಕೊಟ್ಟಿದ್ದೇನೆ. ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿರಿ.

ಇದು ಚಿಕಿತ್ಸೆಗೆ ಬೇಕಾದ ಪರೀಕ್ಷೆಯೋ, ಸಂಶೋಧನೆಯೋ?
ನನಗೆ ಸೇದಿಸುವ ವಸ್ತುವಿನ ಹೆಸರೇನು, ಅದಕ್ಕೆ ಮಂಜೂರಾತಿ ಇದೆಯೇ?
ಸಾದಾ ಊದುವ ಪರೀಕ್ಷೆಯಿಂದಲೇ ನಿರ್ಣಯವಾಗದೇ?
ನನ್ನ ಯಾವ ಔಷಧ ನಿಲ್ಲಿಸಬೇಕು, ಎಂದಿನಿಂದ?
ಇಂದು ನನ್ನ ಮೊದಲ ಅಳತೆ ಎಷ್ಟು, ಎಷ್ಟಕ್ಕೆ ಇಳಿದರೆ ನಿಲ್ಲಿಸುತ್ತೀರಿ?
ಸಾಲ್ಬ್ಯುಟಮಾಲ್, ಆಕ್ಸಿಜನ್ ಈ ಕೋಣೆಯಲ್ಲಿಯೇ ಇವೆಯೇ? ವೈದ್ಯರು ಎಲ್ಲಿದ್ದಾರೆ?
ಮನೆಗೆ ಕಳಿಸುವ ಮುನ್ನ ಮತ್ತೆ ಅಳೆಯುತ್ತೀರಾ?
ಈ ಕಾಗದ ಯಾರ ಕೈಗೆ ಹೋಗುತ್ತದೆ?

ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ. ತಾವಾಗಿಯೇ ಉತ್ತರ ಹೇಳಿರುತ್ತಾರೆ. ಸಿಡುಕಿದರೆ ಎದ್ದು ಬರುವ ಹಕ್ಕು ನಿಮಗಿದೆ. ಅಕ್ಷರ ಬಾರದ ನೆರೆಯವರೊಬ್ಬರು ಇಂಥ ಪರೀಕ್ಷೆಗೆ ಹೊರಟಿದ್ದರೆ ಅವರ ಜೊತೆ ನೀವೂ ಹೋಗಿ, ಅವರ ಪರವಾಗಿ ಈ ಪ್ರಶ್ನೆಗಳನ್ನು ಕೇಳಿರಿ. ಒಂದು ದಿನದ ಮಜೂರಿ ಹೋದೀತು, ಆದರೆ ಅದು ವ್ಯರ್ಥವಾಗಿ ಹೋದಂತಲ್ಲ.